ನೇತ್ರಾಣಿಯಲ್ಲೊಂದು ತೇಲಾಟ

ಮುರ್ಡೇಶ್ವರದಿಂದ ನೇತ್ರಾಣಿ ದ್ವೀಪಕ್ಕೆ ಸುಮಾರು 19 ಕಿಲೋಮೀಟರ್. ಮೇಲಿಂದ ನೋಡಿದವರಿಗೆ ಅದು ಹೃದಯದ ಆಕಾರದಲ್ಲಿ ಕಾಣುತ್ತದಂತೆ. ದೋಣಿಯ ಅಂಚಿಗೆ ಬಾಗಿದ್ದ ನನಗೆ ಕಂಡದ್ದು ಬೆಳಗ್ಗೆ ತಿಂದ ಇಡ್ಲಿ-ಸಾಂಬಾರ್ ಮಾತ್ರ. "ಇನ್ನೆರಡು ಹಾಕಿ ಅನ್ನುವಾಗ ಸಮುದ್ರ ನೆನಪಿರಲಿಲ್ವಾ?" ಎಂದಳು ಹೆಂಡತಿ, ಬೆನ್ನು ನೀವುತ್ತಲೇ.

ಲೈಫ್ ಜಾಕೆಟ್ಟಿನ ಪಟ್ಟಿ ನನ್ನ ಹೊಟ್ಟೆ ಸುತ್ತಿ ಬರಲು ಒಪ್ಪಲಿಲ್ಲ. ದೋಣಿಯ ಹುಡುಗ ಮೊಣಕಾಲು ಕೊಟ್ಟು ಬಿಗಿದ. ನೀರಿಗಿಳಿದರೆ ಹಲಸಿನಹಣ್ಣಿನಂತೆ ತೇಲಿದೆನೇ ಹೊರತು ಮುಖ ಕೆಳಗೆ ಹೋಗಲೊಲ್ಲದು! ಹೇಗೋ ತಲೆ ಮುಳುಗಿಸಿದಾಗ ಹವಳದ ಮೇಲೆ ಗಿಳಿಮೀನು, ಚಿಟ್ಟೆಮೀನುಗಳ ಹಿಂಡು. ಯಾರು ಯಾರನ್ನು ನೋಡಲು ಬಂದದ್ದೆಂಬುದು ಇತ್ಯರ್ಥವಾಗಲಿಲ್ಲ. ಆಕಾಶದಲ್ಲಿ ಬಿಳಿಹೊಟ್ಟೆಯ ಕಡಲಹದ್ದು ಸುತ್ತುತ್ತಿತ್ತು. ಕೆಳಗೆ ಬಿಳಿ ಬನಿಯನ್ನಿನ ಹೊಟ್ಟೆ ಕಂಡು ನೆಂಟ ಅಂದುಕೊಂಡಿತೋ ಏನೋ.

ಊರಿಗೆ ಬಂದಾಗ ಪಕ್ಕದ ಮನೆಯವರು "ತಿಮಿಂಗಿಲ ಕಂಡಿತೇನ್ರೀ?" ಎಂದರು. ಹೆಂಡತಿ ಮೊಬೈಲ್ ತೆಗೆದು ನನ್ನ ಫೋಟೊ ತೋರಿಸಿದಳು.