ಅಡಿಕೆ ಪಟ್ಟೆಯ ಒಲಿಂಪಿಕ್ಸ್

ಚಳಿಗಾಲದ ಒಲಿಂಪಿಕ್ಸ್‌ನಲ್ಲಿ ಬಾಬ್‌ಸ್ಲೆಡ್ ಶುರುವಾದರೆ ತುಮಕೂರಿನ ಮನೆಗಳಲ್ಲಿ ಚಾನೆಲ್ ಬದಲಾಗುತ್ತದೆ. ನಾಲ್ವರು ದಾಂಡಿಗರು ತೊಟ್ಟಿಯಂಥ ಬಂಡಿಯನ್ನು 50 ಮೀಟರ್ ತಳ್ಳಿಕೊಂಡು ಓಡುತ್ತಾರೆ, ಒಬ್ಬರ ಹಿಂದೊಬ್ಬರು ಅದರೊಳಗೆ ಹಾರುತ್ತಾರೆ, ಮಂಜುಗಡ್ಡೆಯ ಕಾಲುವೆಯಲ್ಲಿ ಗಂಟೆಗೆ 130 ಕಿಲೋಮೀಟರಿಗೂ ಮೀರಿದ ವೇಗದಲ್ಲಿ ಕೆಳಗಿಳಿಯುತ್ತಾರೆ. ಬ್ರೇಕಿಗೆಂದೇ ಒಬ್ಬ ಆಸಾಮಿ ಇದ್ದರೂ ಗುರಿ ಮುಟ್ಟುವ ತನಕ ಅವನು ಅದನ್ನು ಹಾಕುವುದಿಲ್ಲ. ಇದು ಉಂಡವರ ತೀಟೆ, ನಮಗಲ್ಲ ಎಂಬುದು ನಮ್ಮವರ ತೀರ್ಪು. ಈ ತೀರ್ಪಿನ ಮೇಲೆ ನನ್ನದೊಂದು ಮೇಲ್ಮನವಿ ಇದೆ. ಬಾಬ್‌ಸ್ಲೆಡ್ ಹಿಮದ ಕೂಸಲ್ಲ, ಇಳಿಜಾರಿನ ಕೂಸು. ಇಳಿಜಾರೂ ಬಿಡುವಾದ ಮಧ್ಯಾಹ್ನವೂ ಕೂಡಿದ ಕಡೆಯೆಲ್ಲ ಅದು ತಾನಾಗಿ ಹುಟ್ಟುತ್ತದೆ. ಗುಬ್ಬಿಯ ತೋಟದಲ್ಲಿ ಉದುರಿದ ಅಡಿಕೆ ಪಟ್ಟೆಯ ಮೇಲೆ ಒಬ್ಬ ಕೂತು, ಇನ್ನೊಬ್ಬ ಎಳೆದರೆ ಅದು ಆಯಿತು. ಗ್ಯಾರೇಜಿನಲ್ಲಿ ಬಿಸಾಕಿದ ಬೇರಿಂಗುಗಳನ್ನು ಹಲಗೆಗೆ ಸಿಕ್ಕಿಸಿ, ಹಗ್ಗ ಹಿಡಿದು ತಿರುಗಿಸುತ್ತ ರಸ್ತೆಯಲ್ಲಿ ಇಳಿದರೂ ಅದೇ ಆಯಿತು.

ಚರಿತ್ರೆ ನನ್ನ ಕಡೆಗಿದೆ. ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಸ್ವಿಟ್ಜರ್ಲೆಂಡಿನ ಸೇಂಟ್ ಮಾರಿಟ್ಜ್‌ಗೆ ಚಳಿಗಾಲ ಕಳೆಯಲು ಹೋದ ಇಂಗ್ಲಿಷರಿಗೆ ಬೇಸರ ಬಂತು. ಸಾಮಾನು ಸಾಗಿಸುವ ಹುಡುಗರ ಜಾರುಬಂಡಿಗಳನ್ನು ಅವರು ಕಡ ಪಡೆದು ಊರ ಬೀದಿಯಲ್ಲೇ ಜಾರಿದರು. ಕೂತವರು ಹಿಂದೆ ಮುಂದೆ ತೂಗಾಡಿದರೆ ವೇಗ ಹೆಚ್ಚೀತೆಂದು ನಂಬಿದ್ದರಿಂದ ಆಟಕ್ಕೆ ‘ಬಾಬ್’ ಎಂಬ, ಇಂಗ್ಲಿಷಿನಲ್ಲಿ ತೂಗಾಟವನ್ನು ಸೂಚಿಸುವ ಹೆಸರು ಬಂತು. ತೂಗಾಟದಿಂದ ಉಪಯೋಗವಿಲ್ಲವೆಂದು ತಿಳಿಯುವ ಹೊತ್ತಿಗೆ ಹೆಸರು ಊರೂರಿಗೆ ಹಬ್ಬಿಯಾಗಿತ್ತು. 1897ರಲ್ಲಿ ಕ್ಲಬ್ ಹುಟ್ಟಿತು, 1924ರಲ್ಲಿ ಶಾಮೊನಿ ಒಲಿಂಪಿಕ್ಸ್ ಸೇರಿತು. ಹಿಮವನ್ನೇ ಕಾಣದ ಜಮೈಕಾದಲ್ಲಿ ತಳ್ಳುಗಾಡಿ ಓಟ ನೋಡಿದ ಇಬ್ಬರು ಅಮೆರಿಕನ್ನರಿಗೆ ಇದು ಬಾಬ್‌ಸ್ಲೆಡ್‌ನ ತಮ್ಮನೇ ಅನ್ನಿಸಿತು. ಆ ದೇಶದ ತಂಡ 1988ರಲ್ಲಿ ಕ್ಯಾಲ್ಗರಿಗೆ ಹೋಗಿ ಬಂಡಿ ಮಗುಚಿಕೊಂಡಿತು, 1994ರಲ್ಲಿ ಲಿಲ್ಲೆಹಾಮರ್‌ನಲ್ಲಿ 14ನೆಯ ಸ್ಥಾನ ಪಡೆದು ಅಮೆರಿಕದ ತಂಡವನ್ನೇ ಹಿಂದೆ ಹಾಕಿತು.

ನಮ್ಮಲ್ಲಿ ಮಂಜುಗಡ್ಡೆಯೆಲ್ಲಿ ಎಂಬುದು ಮೊದಲ ಆಕ್ಷೇಪ. ಗುಬ್ಬಿ ವೀರಣ್ಣನವರ ಕಂಪನಿ ರಂಗದ ಮೇಲೆ ನಿಜವಾದ ಆನೆ ಕುದುರೆ ತಂದ ಸೀಮೆ ಇದು. ಇಲ್ಲದ್ದನ್ನು ತರಿಸುವ ಚಾಳಿ ನಮಗೆ ಹೊಸದಲ್ಲ. ಅಲ್ಲದೆ ಮಂಜಿನ ಕೆಲಸ ಘರ್ಷಣೆ ತಗ್ಗಿಸುವುದಷ್ಟೇ. ಅದನ್ನು ಬೇರಿಂಗೂ ಮಾಡುತ್ತದೆ. ಬಾಬ್‌ಸ್ಲೆಡ್‌ನ ದಾಯಾದಿಯಾದ, ಅಂಗಾತ ಮಲಗಿ ಜಾರುವ ಲೂಜ್ ಆಟದ ನಮ್ಮ ಶಿವ ಕೇಶವನ್ ಬಂಡಿಗೆ ಚಕ್ರ ಕಟ್ಟಿಕೊಂಡು, ಹಿಮಾಲಯದ ರಸ್ತೆಗಳಲ್ಲಿ ವಾಹನಗಳ ನಡುವೆ ನುಸುಳುತ್ತ ಅಭ್ಯಾಸ ಮಾಡಿದವರು. 1998ರಿಂದ 2018ರವರೆಗೆ ಆರು ಒಲಿಂಪಿಕ್ಸ್‌ಗಳಲ್ಲಿ ಭಾಗವಹಿಸಿದರು. ಎತ್ತರ ಸಾಲದು ಎನ್ನುವವರು ದೇವರಾಯನದುರ್ಗವನ್ನು ಒಮ್ಮೆ ನೋಡಲಿ. ಅದು ತುಮಕೂರಿಗಿಂತ 300 ಮೀಟರಿಗೂ ಹೆಚ್ಚು ಮೇಲಿದೆ. ಒಲಿಂಪಿಕ್ಸ್ ಹಾದಿಗೆ ಬೇಕಾದ ಇಳಿತ 100ರಿಂದ 150 ಮೀಟರಿನ ಆಸುಪಾಸು. ಇನ್ನು ಆಟಗಾರರೆಲ್ಲಿ? ಟಿಪ್ಪು ಕಾಲದಿಂದ ಕುದುರೆ ಸಾಕಿದ ಕುಣಿಗಲ್‌ಗೆ ವೇಗದ ಬಗ್ಗೆ ಪಾಠ ಬೇಡ, ಆದರೆ ತೂಕದ ಲೆಕ್ಕ ತಿರುಗಿಸಿಕೊಳ್ಳಬೇಕು. ಜಾಕಿ ಹಗುರವಾಗಿದ್ದಷ್ಟೂ ಕುದುರೆಗೆ ಲಾಭ, ಇಲ್ಲಿ ಭಾರವೇ ಬಂಡವಾಳ. 1952ರ ಒಲಿಂಪಿಕ್ಸ್‌ನಲ್ಲಿ ಜರ್ಮನಿಯ ಭಾರೀ ದೇಹಗಳು ಇಬ್ಬರ ಬಂಡಿ, ನಾಲ್ವರ ಬಂಡಿ ಎರಡರಲ್ಲೂ ಚಿನ್ನ ಬಾಚಿದ ಮೇಲೆಯೇ ತೂಕಕ್ಕೆ ಮಿತಿ ಬಂತು. ಈಗ ನಾಲ್ವರ ಬಂಡಿ ಜನರೂ ಸೇರಿ 630 ಕಿಲೋ ಮೀರುವಂತಿಲ್ಲ. ಮೀರದಂತೆ ನೋಡಿಕೊಳ್ಳುವುದೇ ಕ್ಯಾತ್ಸಂದ್ರದ ತಟ್ಟೆ ಇಡ್ಲಿ ಸೀಮೆಯಲ್ಲಿ ತುಸು ಕಷ್ಟ.

ಒಂದು ಆಕ್ಷೇಪವನ್ನು ಮಾತ್ರ ನಕ್ಕು ತಳ್ಳಲಾಗದು: ಲಾರಿ ಓಡುವ ರಸ್ತೆಯಲ್ಲಿ ಬೇರಿಂಗ್ ಗಾಡಿ ಪ್ರಾಣಕ್ಕೆ ಕುತ್ತು. ನಿಜ. ಸೇಂಟ್ ಮಾರಿಟ್ಜ್‌ನಲ್ಲೂ ಜಾರುವವರು ದಾರಿಹೋಕರಿಗೆ ಡಿಕ್ಕಿ ಹೊಡೆದು ದೂರುಗಳೆದ್ದವು. ಆದರೆ ಅಲ್ಲಿಯ ಹೋಟೆಲ್ ಮಾಲೀಕ ಕ್ಯಾಸ್ಪರ್ ಬಡ್ರುಟ್ ಬಂಡಿ ಕಿತ್ತುಕೊಳ್ಳಲಿಲ್ಲ. ಜಾರುವವರಿಗೆ ಬೇರೆ ಹಾದಿಯನ್ನೇ ಮಾಡಿಸಿದ. 1904ರಲ್ಲಿ ಸೆಲೆರಿನಾದವರೆಗೆ ಆದ ಓಣಿಯನ್ನು ಇವತ್ತಿಗೂ ಪ್ರತಿ ಚಳಿಗಾಲ ಹಿಮದಿಂದ ಹೊಸದಾಗಿ ಕಟ್ಟುತ್ತಾರೆ. ನಮ್ಮಲ್ಲಾದರೆ ಹುಡುಗನ ಕಿವಿ ಹಿಂಡಿ, ಬೇರಿಂಗನ್ನು ಗುಜರಿಗೆ ಹಾಕಿ, ಟ್ಯೂಷನ್ನಿಗೆ ಕಳಿಸುತ್ತೇವೆ. ಪೋಕರಿತನಕ್ಕೂ ಕ್ರೀಡೆಗೂ ನಡುವಿನ ವ್ಯತ್ಯಾಸ ಹವಾಮಾನದ್ದಲ್ಲ, ಹಾದಿ ಬಿಟ್ಟುಕೊಡುವ ಹಿರಿಯರದು. ಬಡ್ರುಟ್ ಸಂತನೇನೂ ಅಲ್ಲ. ಗಿರಾಕಿಗಳು ಚಳಿಗಾಲದಲ್ಲೂ ಉಳಿಯಲಿ ಎಂಬ ಶುದ್ಧ ವ್ಯಾಪಾರಬುದ್ಧಿ ಅವನದು. ಹೋಟೆಲ್ ಮಾಲೀಕರಿಗಾಗಲಿ ವ್ಯಾಪಾರಬುದ್ಧಿಗಾಗಲಿ ತುಮಕೂರಿನಲ್ಲಿ ಬರಗಾಲವೆಂದು ಯಾರೂ ಹೇಳಿದ್ದಿಲ್ಲ.