ವರ್ಗಾವಣೆಯ ಋತು

ಮೂವತ್ತೊಂದು ವರ್ಷಗಳ ಸರಕಾರಿ ಸೇವೆಯಲ್ಲಿ ಏಳು ಬಾರಿ ವರ್ಗಾವಣೆಗೊಂಡು, ಏಳೂರುಗಳ ನೀರು ಕುಡಿದು, ಏಳು ಬಾರಿಯೂ ಗಂಧದ ಹಾರ, ಶಾಲು, ಉಪ್ಪಿಟ್ಟು, ಕೇಸರಿಭಾತುಗಳ ಸಮೇತ ವಿಧ್ಯುಕ್ತವಾಗಿ ಬೀಳ್ಕೊಡುಗೆ ಪಡೆದವನು ನಾನು. ವರ್ಗಾವಣೆಯೆಂಬ ಶಬ್ದವು ಕಿವಿಗೆ ಬಿದ್ದೊಡನೆ ನನ್ನ ಕಣ್ಣೆದುರಿಗೆ ಬಂದು ನಿಲ್ಲುವುದು ಟ್ರಂಕು, ಹಾಸಿಗೆಯ ಸುರುಳಿ, ಮಕ್ಕಳ ಟಿ.ಸಿ. ಮತ್ತು ಲಾರಿಯ ಹಿಂಭಾಗದಲ್ಲಿ ನಾಲ್ಕು ಕಾಲುಗಳನ್ನೂ ಆಕಾಶಕ್ಕೆ ಚಾಚಿ ಮಲಗಿದ ಊಟದ ಮೇಜು. ಆದಕಾರಣ, 2020ನೆಯ ಇಸವಿಯ ಆಗಸ್ಟ್ ತಿಂಗಳ ಒಂದು ಅಪರಾತ್ರಿಯಲ್ಲಿ ನಮ್ಮಕ್ಕನ ಮಗನು ನನ್ನ ಕೋಣೆಯ ಬಾಗಿಲು ಬಡಿದು, ಗದ್ಗದಕಂಠದಿಂದ, “ಮಾವ, ಮೆಸ್ಸಿ ಟ್ರಾನ್ಸ್‌ಫರ್ ಕೇಳಿದ್ದಾನಂತೆ” ಎಂದಾಗ, ನಾನು ನಿದ್ದೆಗಣ್ಣಿನಲ್ಲಿ “ಯಾವ ಇಲಾಖೆ?” ಎಂದುದು ನನ್ನ ಅಪರಾಧವೆಂದು ಯಾರೂ ಎಣಿಸಬಾರದು.

ಈ ಹುಡುಗನು ಬಾರ್ಸಿಲೋನಾ ನಗರವನ್ನು ಕಂಡವನಲ್ಲ. ಪಶ್ಚಿಮ ದಿಕ್ಕಿನಲ್ಲಿ ಅವನ ಪಯಣವು ಮಲ್ಪೆಯ ಕಡಲತೀರದಲ್ಲಿ ಮುಗಿಯುತ್ತದೆ. ಆದರೂ ಮೆಸ್ಸಿಯು ಆಡುತ್ತಿದ್ದ ಆ ಊರಿನ ಫುಟ್‌ಬಾಲ್ ಕ್ಲಬ್ಬಿನ ಆಟವಿರುವ ರಾತ್ರಿ, ಶಿವರಾತ್ರಿಯ ಜಾಗರಣೆಗೂ ಎಂದೂ ತೋರದ ನಿಷ್ಠೆಯಿಂದ ಒಂದೂವರೆ ಗಂಟೆಗೆ ಎದ್ದು ಕುಳಿತು, ಬೆಳಗ್ಗೆ ಕಾಫಿಯ ಮುಂದೆ ಜೋಲುಮೋರೆ ಹಾಕಿಕೊಂಡು “ನಾವು ಸೋತೆವು” ಎನ್ನುತ್ತಾನೆ. ಅಕ್ಕನು ಊರಿನ ತೋಟದ ವ್ಯಾಜ್ಯದ ತೀರ್ಪು ಬಂದಿತೇನೋ ಎಂದು ಪ್ರತಿಸಲವೂ ಗಾಬರಿಯಾಗುತ್ತಾಳೆ. ತನ್ನ ಮೊದಲ ಸಂಬಳದಲ್ಲಿ, ಹೆತ್ತ ತಾಯಿಗೆ ಸೀರೆ ತರುವುದಕ್ಕೂ ಮೊದಲು, ಬೆನ್ನಿನ ಮೇಲೆ ಹತ್ತನೆಯ ಅಂಕೆಯುಳ್ಳ ಕೆಂಪುನೀಲಿ ಅಂಗಿಯೊಂದನ್ನು ಕೊಂಡು ತಂದವನು ಇವನು. ಆ ಅಂಗಿಯ ಮೇಲೆ ಅಕ್ಕನಿಗೆ ಅಂದಿನಿಂದಲೂ ಒಂದು ಬಗೆಯ ಸವತಿಮತ್ಸರವುಂಟು.

ಸಂಗತಿಯೇನೆಂದು ವಿಚಾರಿಸಲಾಗಿ ತಿಳಿದುಬಂದುದಿಷ್ಟು. ಆ ತಿಂಗಳ 14ರಂದು ಬಾರ್ಸಿಲೋನಾ ತಂಡವು ಲಿಸ್ಬನ್ನಿನಲ್ಲಿ ಜರ್ಮನಿಯ ಬಾಯರ್ನ್ ತಂಡದಿಂದ 8–2 ಗೋಲುಗಳಲ್ಲಿ ಮಣ್ಣು ಮುಕ್ಕಿತ್ತು. 25ರಂದು ಮೆಸ್ಸಿ ಮಹಾಶಯನು ತಾನು ಕ್ಲಬ್ಬನ್ನು ಬಿಡುವುದಾಗಿ ‘ಬ್ಯೂರೋಫ್ಯಾಕ್ಸ್’ ಕಳುಹಿಸಿದ್ದನು. ಈ ಬ್ಯೂರೋಫ್ಯಾಕ್ಸ್ ಎಂಬುದು ಸ್ಪೇನ್ ದೇಶದ ಅಂಚೆಯ ಒಂದು ಏರ್ಪಾಟು; ಕಾಗದವು ಮುಟ್ಟಿತೆಂಬುದಕ್ಕೂ ಅದರಲ್ಲಿ ಇಂಥದೇ ಒಕ್ಕಣೆಯಿದ್ದಿತೆಂಬುದಕ್ಕೂ ನ್ಯಾಯಾಲಯದಲ್ಲಿ ನಿಲ್ಲುವಂಥ ಪುರಾವೆಯನ್ನು ಅದು ಒದಗಿಸುತ್ತದೆ. ಸ್ವೀಕೃತಿಪತ್ರಸಹಿತವಾಗಿದ್ದ ನಮ್ಮ ಹಿಂದಿನ ರಿಜಿಸ್ಟರ್ಡ್ ಅಂಚೆಗೆ ಅದು ಹಿರಿಯಣ್ಣನೆನ್ನಬಹುದು. ನಮ್ಮ ಕಡೆ ಬಾಡಿಗೆದಾರನು ಮನೆಯ ಮಾಲಿಕನಿಗೆ, ಭಾಗಕ್ಕೆ ನಿಂತ ತಮ್ಮನು ಅಣ್ಣನಿಗೆ, ಮಾತುಕತೆಯೆಲ್ಲ ಮುರಿದುಬಿದ್ದ ಮೇಲೆ ಕಳುಹಿಸುತ್ತಿದ್ದುದು ಇಂಥ ಕಾಗದವನ್ನೇ. “ಹೋಗುವುದಾದರೆ ಬಾಯಲ್ಲಿ ಹೇಳಬಾರದಿತ್ತೇ ಮಾವ? ಫ್ಯಾಕ್ಸ್ ಕಳಿಸೋದೇ?” ಎಂದು ಹುಡುಗನು ಹಲುಬಿದನು. ಮೆಸ್ಸಿಯು ಹದಿಮೂರರ ಬಾಲಕನಾಗಿದ್ದಾಗ, ಅಂದರೆ 2000ದ ಡಿಸೆಂಬರಿನಲ್ಲಿ, ಕ್ಲಬ್ಬಿನ ಕಾರ್ಲೆಸ್ ರೆಶಾಕ್ ಎಂಬಾತನು ಬೇರೆ ಕಾಗದ ಕೈಗೆಟುಕದೆ ಬಾಯೊರೆಸುವ ಕಾಗದದ ಮೇಲೆಯೇ ಒಪ್ಪಂದವನ್ನು ಗೀಚಿ ಸಹಿ ಹಾಕಿದ್ದನಂತೆ. ನಮ್ಮ ದರ್ಶಿನಿಗಳಲ್ಲಿ ಕೊಡುವ ಆ ಜಾತಿಯ ಕಾಗದವು ಬೆರಳಿನ ತುಪ್ಪವನ್ನು ಸಹ ಸರಿಯಾಗಿ ಒರೆಸಲಾರದು; ಅದರ ಮೇಲೆ ಬರೆದ ಮಾತು ಇಪ್ಪತ್ತು ವರ್ಷ ನಿಂತಿತು, ನೂರು ಮಂದಿ ವಕೀಲರು ತಿದ್ದಿದ ಕರಾರು ಮುರಿಯುವ ಹಂತಕ್ಕೆ ಬಂದಿತು. ಆ ಚೂರು ಕಾಗದವು 2024ರಲ್ಲಿ ಹರಾಜಿಗೆ ಬಂದು ಏಳೂವರೆ ಲಕ್ಷ ಪೌಂಡಿಗೂ ಮೀರಿ ಬೆಲೆ ಪಡೆಯಿತು.

ವಕೀಲರ ತಕರಾರು ಮಾತ್ರ ನನಗೆ ಪರಮಾನಂದವನ್ನುಂಟುಮಾಡಿತು, ಏಕೆಂದರೆ ಅದೊಂದೇ ನನಗೆ ಪೂರ್ತಿಯಾಗಿ ಅರ್ಥವಾದ ಭಾಗ. ಜೂನ್ 10ರೊಳಗಾಗಿ ತಿಳಿಸಿದರೆ ಪುಕ್ಕಟೆಯಾಗಿ ಹೊರಡಬಹುದು, ತಪ್ಪಿದರೆ ಕೊಳ್ಳುವವರು 70 ಕೋಟಿ ಯೂರೋ ತೆರಬೇಕು ಎಂಬುದು ಕ್ಲಬ್ಬಿನ ವಾದ; ಮಹಾಮಾರಿಯ ದೆಸೆಯಿಂದ ಆಟದ ವರ್ಷವೇ ಆಗಸ್ಟಿನವರೆಗೆ ಎಳೆದುದರಿಂದ ಗಡುವೂ ಅದರೊಡನೆ ಎಳೆಯತಕ್ಕದ್ದು ಎಂಬುದು ಆಟಗಾರನ ವಾದ. ಮಾರ್ಚ್ 31ರ ರಾತ್ರಿ ಹನ್ನೊಂದೂಮುಕ್ಕಾಲಿಗೆ ಬಿಲ್ಲು ಪಾಸು ಮಾಡಿ ಪುಣ್ಯ ಕಟ್ಟಿಕೊಂಡಿರುವ ನಾನು, ಈ ಕಡತದ ಮೇಲೆ ಏನು ಟಿಪ್ಪಣಿ ಬರೆಯಬಹುದಿತ್ತೆಂದು ಆ ರಾತ್ರಿಯೆಲ್ಲ ಆಲೋಚಿಸಿದೆನು.

ಅತ್ತ ಬಾರ್ಸಿಲೋನಾದಲ್ಲಿ ಜನರು ಬೀದಿಗಿಳಿದರು. ಕ್ಯಾಂಪ್ ನೌ ಕ್ರೀಡಾಂಗಣದ ಬಾಗಿಲಲ್ಲಿ ನೆರೆದು ಧಿಕ್ಕಾರ ಕೂಗಿದರು. ವಿಶೇಷವೇನೆಂದರೆ ಆ ಧಿಕ್ಕಾರವು ಬಿಟ್ಟುಹೋಗುವೆನೆಂದ ಮೆಸ್ಸಿಗಲ್ಲ, ಅಧ್ಯಕ್ಷನಾದ ಬಾರ್ತೊಮೇಯುವಿಗೆ. ಮನೆಯ ಮಗನು ಮುನಿಸಿಕೊಂಡು ಹೊರಟನೆಂದರೆ ತಪ್ಪು ಯಜಮಾನನದೇ ಇರಬೇಕೆಂಬ ಕೇರಿಯವರ ತೀರ್ಮಾನವು ಅದು. ಆದರೆ ಇದೇ ಜನರ ಇನ್ನೊಂದು ಮುಖವನ್ನು ಕಾಣಬೇಕಾದರೆ ಇದೇ ಕ್ಲಬ್ಬಿನಲ್ಲಿದ್ದ ಲೂಯಿಸ್ ಫಿಗೋ ಎಂಬ ಪೋರ್ಚುಗಲ್ಲಿನ ಆಟಗಾರನನ್ನು ನೆನೆಯಬೇಕು. 2000ದ ಜುಲೈ ತಿಂಗಳಲ್ಲಿ, ತಾನು ಎಲ್ಲಿಗೂ ಹೋಗುವುದಿಲ್ಲವೆಂದು ಅಭಿಮಾನಿಗಳಿಗೆ ಅಭಯವಿತ್ತ ಕೆಲವೇ ದಿನಗಳಲ್ಲಿ ಅವನು ಸುಮಾರು ಆರು ಕೋಟಿ ಯೂರೋಗಳ ದಾಖಲೆಯ ಬೆಲೆಗೆ, ಬೇರೆಲ್ಲಿಗೂ ಅಲ್ಲ, ಪರಮವೈರಿಯಾದ ರಿಯಲ್ ಮ್ಯಾಡ್ರಿಡ್‌ಗೆ ಹೊರಟುಹೋದನು. ಮುನಿದು ಕಾಶಿಗೆ ಹೋದವನನ್ನು ಕ್ಷಮಿಸಬಹುದು. ಎದುರುಮನೆಗೆ ಹೋಗಿ ಜಗಲಿಯ ಮೇಲೆ ಕುಳಿತವನನ್ನು ಕ್ಷಮಿಸುವುದುಂಟೇ? 2002ರ ನವೆಂಬರ್ 23ರಂದು ಅವನು ಕ್ಯಾಂಪ್ ನೌದಲ್ಲಿ ಮೂಲೆಯ ಒದೆತಕ್ಕೆಂದು ಚೆಂಡನ್ನಿಡುವಾಗ ಪ್ರೇಕ್ಷಕರ ಕಡೆಯಿಂದ ಬಾಟಲಿ ಮುಂತಾದ ಪದಾರ್ಥಗಳ ಪುಷ್ಪವೃಷ್ಟಿಯಾಗಿ, ಅವುಗಳ ನಡುವೆ ಒಂದು ಹಂದಿಯ ತಲೆಯೂ ಬಂದು ಬಿದ್ದಿತು. ಆಟವು ಕಾಲು ಗಂಟೆಯಷ್ಟು ನಿಂತಿತು. ನೀರಿನ ಬಾಟಲಿಯನ್ನು ಬಾಗಿಲಲ್ಲೇ ಕಸಿದುಕೊಳ್ಳುವ ನಮ್ಮ ಕ್ರೀಡಾಂಗಣಗಳನ್ನು ಬಲ್ಲ ನನಗೆ ಇಂದಿಗೂ ಬಿಡಿಸಲಾಗದ ಒಗಟೆಂದರೆ, ಆ ಭಕ್ತನು ಹಂದಿಯ ತಲೆಯನ್ನು ಯಾವ ಚೀಲದಲ್ಲಿಟ್ಟುಕೊಂಡು, ಕಾವಲುಗಾರನಿಗೆ ಏನೆಂದು ಹೇಳಿ ಒಳಗೆ ಬಂದನು ಎಂಬುದು. ಮನೆಯಿಂದ ಹೊರಡುವಾಗ ಹೆಂಡತಿಯು ಕೇಳಿರಲಾರಳೇ?

ಇಂಗ್ಲೆಂಡಿನವರು ಇಷ್ಟು ದೂರ ಹೋಗುವವರಲ್ಲ. ಅವರದು ಅಂಗಿ ಸುಡುವ ಸಂಪ್ರದಾಯ. ಲಿವರ್‌ಪೂಲಿನ ನಾಯಕನಾದ ಸ್ಟೀವನ್ ಜೆರಾರ್ಡನು 2005ರ ಮೇ ತಿಂಗಳಲ್ಲಿ ಇಸ್ತಾಂಬುಲ್ ನಗರದಲ್ಲಿ, ಮೂರು ಗೋಲುಗಳ ಹಿನ್ನಡೆಯಿಂದ ತನ್ನ ತಂಡವನ್ನು ಎತ್ತಿ ಯೂರೋಪಿನ ಕಪ್ಪನ್ನು ತಂದಿತ್ತವನು. ಅದಾದ ಆರೇ ವಾರಗಳಿಗೆ, ಜುಲೈ 5ರಂದು, ಅವನು ಹೊಸ ಕರಾರನ್ನು ಒಲ್ಲೆನೆಂದು ಹೊರಡಲು ನಿಂತಿರುವನೆಂಬ ಸುದ್ದಿ ಬಂದಿತು; ಸುದ್ದಿಯ ಬೆನ್ನಲ್ಲೇ ದೂರದರ್ಶನದ ಕ್ಯಾಮೆರಾಗಳ ಸಮಕ್ಷಮದಲ್ಲಿ ಅವನ ಹೆಸರಿನ ಅಂಗಿಯು ಅಗ್ನಿಗೆ ಆಹುತಿಯಾಯಿತು. ಮರುದಿನ ಬೆಳಗ್ಗೆ ಜೆರಾರ್ಡನು ಮನಸ್ಸು ಬದಲಾಯಿಸಿ, ಇಲ್ಲಿಯೇ ಇರುವೆನೆಂದನು. ಇದ್ದನು ಸಹ, ಮತ್ತೂ ಹತ್ತು ವರ್ಷ. ನನ್ನ ಕುತೂಹಲವೆಲ್ಲ ಅಂಗಿ ಸುಟ್ಟ ಆ ಮನುಷ್ಯನ ವಿಷಯದಲ್ಲಿ. ಹಿಂದಿನ ರಾತ್ರಿ ಶಪಿಸುತ್ತ ಬೆಂಕಿ ಕಡ್ಡಿ ಗೀರಿದವನು, ಮುಂದಿನ ಶನಿವಾರ ಏನನ್ನು ತೊಟ್ಟು ಆಟಕ್ಕೆ ಹೋದನು? ಕ್ಲಬ್ಬಿನ ಅಂಗಡಿಗೆ ತೆರಳಿ, ಮೋರೆ ಮರೆಸಿಕೊಂಡು, ಅದೇ ಹೆಸರಿನ, ಅದೇ ಅಳತೆಯ ಇನ್ನೊಂದು ಅಂಗಿಯನ್ನು ಕೇಳಿದನೇ? ಅಭಿಮಾನಿಗಳ ಕ್ರೋಧದಿಂದಲೂ ಪಶ್ಚಾತ್ತಾಪದಿಂದಲೂ ಸಮಾನವಾಗಿ ಲಾಭ ಪಡೆಯುವ ವ್ಯಾಪಾರವು ಜಗತ್ತಿನಲ್ಲಿ ಇದೊಂದೇ ಇರಬೇಕು.

ಮ್ಯಾಂಚೆಸ್ಟರಿನಲ್ಲಿ ವೇಯ್ನ್ ರೂನಿಯೂ 2010ರ ಅಕ್ಟೋಬರಿನಲ್ಲಿ ಹೊರಡುವೆನೆಂದು ಗುಟುರು ಹಾಕಿದ್ದುಂಟು. ಆಗ ತರಬೇತುದಾರರಾದ ಫರ್ಗುಸನ್ನರು ಪತ್ರಕರ್ತರ ಮುಂದೆ, ಬೇರೆಯವರ ಹೊಲದಲ್ಲಿರುವ ಹಸು ನಮ್ಮ ಹಸುವಿಗಿಂತ ಉತ್ತಮವಾಗಿ ಕಾಣುವುದುಂಟು, ಆದರೆ ತಂದು ಕಟ್ಟಿದ ಮೇಲೆ ಹಾಗಿರುವುದಿಲ್ಲ ಎಂಬರ್ಥದ ಮಾತಾಡಿದರು. ಚಿಂತಾಮಣಿಯ ದನದ ಸಂತೆಯಲ್ಲಿ ಯಾವ ರೈತನಾದರೂ ತಲೆದೂಗಬಹುದಾದ ಮಾತು. ಮುಖ ಮುಚ್ಚಿಕೊಂಡ ಅಭಿಮಾನಿಗಳ ಗುಂಪೊಂದು ಮಾತ್ರ ಹಸುವಿನ ನೀತಿಯಲ್ಲಿ ನಂಬಿಕೆಯಿಡದೆ ರಾತ್ರಿ ಅವನ ಮನೆಯ ಬಾಗಿಲಿಗೇ ಹೋಗಿ ನಿಂತಿತು. ಮರುದಿನ ಐದು ವರ್ಷದ ಕರಾರಿಗೆ ಸಹಿ ಬಿದ್ದಿತು. ಲಿವರ್‌ಪೂಲಿನ ಸ್ವಾರೆಸನನ್ನು ಸೆಳೆಯಲು 2013ರಲ್ಲಿ ಆರ್ಸೆನಲ್ಲಿನವರು ನಾಲ್ಕು ಕೋಟಿ ಪೌಂಡಿನ ಮೇಲೆ ಸರಿಯಾಗಿ ಒಂದು ಪೌಂಡನ್ನು ಸೇರಿಸಿ ಬೆಲೆ ಕೂಗಿದರೆಂದು ಓದಿದಾಗ, ಆ ನಾಡಿನಲ್ಲಿ ಅವರನ್ನು ಎಲ್ಲರೂ ಗೇಲಿಮಾಡಿದರೂ, ಮದುವೆ ಮುಂಜಿಗಳಲ್ಲಿ ನೂರೊಂದು, ಐನೂರೊಂದು ಎಂದೇ ಮುಯ್ಯಿ ಮಾಡುವ ಸಂಸ್ಕಾರದಲ್ಲಿ ಬೆಳೆದ ನನಗೆ ಅದರಲ್ಲಿ ತಪ್ಪೇನೂ ಕಾಣಲಿಲ್ಲ.

ಇಷ್ಟೆಲ್ಲ ಪುರಾಣವನ್ನು ನನಗೆ ಹೇಳಿದವನು ಆ ಅಳಿಯನೇ. ಹೇಳುತ್ತ ಹೇಳುತ್ತ ಅವನಲ್ಲಿಯೂ ಪೌರುಷವು ಉದಿಸಿ, ಮೂರನೆಯ ರಾತ್ರಿ ಬೀರುವಿನಿಂದ ಆ ಕೆಂಪುನೀಲಿ ಅಂಗಿಯನ್ನೂ, ಅಡುಗೆಮನೆಯಿಂದ ಬೆಂಕಿಪೊಟ್ಟಣವನ್ನೂ ಹಿಡಿದು ತಾರಸಿಗೆ ಹತ್ತಿದನು. ನಾನು ಮೆಟ್ಟಿಲ ಮೇಲೆ ತಡೆದು, “ಅಲ್ಲವೋ, ನಾಲ್ಕು ವರ್ಷಕ್ಕೆ ನೀನು ಮೂರು ಕಂಪನಿ ಬದಲಾಯಿಸಿದೆಯಲ್ಲ, ಯಾರಾದರೂ ನಿನ್ನ ಐಡಿ ಕಾರ್ಡು ಸುಟ್ಟರೇನೋ?” ಎಂದೆ.

“ಅದು ಬೇರೆ, ಮಾವ. ನನಗೆ ಮೂವತ್ತು ಪರ್ಸೆಂಟ್ ಹೈಕ್ ಕೊಟ್ಟರು.”

ಈ ತರ್ಕಕ್ಕೆ ಉತ್ತರ ಹೊಳೆಯುವುದರೊಳಗೆ ಅಕ್ಕನು ಮೇಲೆ ಬಂದಳು. “ತೊಟ್ಟ ಬಟ್ಟೆಯನ್ನು ಸುಡುತ್ತಾರೇನೋ, ಬದುಕಿರುವವರದು! ಬಿಡ್ತು ಅನ್ನು!” ಎಂದು ಗದರಿಸಿ ಅಂಗಿಯನ್ನು ಕಸಿದು ಕೆಳಗೆ ಒಯ್ದು, ಹಲವು ವರ್ಷಗಳ ಹಗೆಯನ್ನು ತೀರಿಸಿಕೊಳ್ಳುವವಳಂತೆ ಅದನ್ನು ಮಸಿಬಟ್ಟೆಯ ಕೆಲಸಕ್ಕೆ ಹಚ್ಚಿದಳು. ಆದರೆ ಆ ಪರದೇಶದ ನೂಲು ನಮ್ಮ ಸಂಸಾರಕ್ಕೆ ಒಗ್ಗುವಂಥದಾಗಿರಲಿಲ್ಲ. ಬಿಸಿ ಪಾತ್ರೆ ಹಿಡಿದರೆ ಮುದುರಿಕೊಂಡು ಬೆರಳಿಗೆ ಅಂಟುವುದು; ನೆಲಕ್ಕೆ ಹಾಕಿದರೆ ನೀರನ್ನು ಹೀರದೆ, ಈ ಮೂಲೆಯಿಂದ ಆ ಮೂಲೆಗೆ ನೂಕಿಕೊಂಡು ಹೋಗುವುದು. “ದುಡ್ಡು ಕೊಟ್ಟು ತಂದದ್ದು, ಒಂದು ಹನಿ ನೀರು ಕುಡಿಯೋದಿಲ್ಲ!” ಎಂದು ಅಕ್ಕನು ಅದನ್ನು ಕೊನೆಗೆ ಸ್ಕೂಟರು ಒರೆಸುವುದಕ್ಕೆ ಇಳಿಸಿದಳು. ಸೆಪ್ಟೆಂಬರ್ 4ರಂದು ಮೆಸ್ಸಿಯು, ತನ್ನನ್ನು ಬೆಳೆಸಿದ ಕ್ಲಬ್ಬನ್ನು ನ್ಯಾಯಾಲಯಕ್ಕೆ ಎಳೆಯಲಾರೆನೆಂದು ಹೇಳಿ ನಿಂತುಬಿಟ್ಟಾಗ, ಅಂಗಿಯು ಆಗಲೇ ಸ್ಕೂಟರಿನ ಸೀಟಿನಡಿಯಲ್ಲಿ ಸ್ಪ್ಯಾನರಿನ ಜೊತೆಗೆ ಮಲಗಿತ್ತು.

ನಿಜ ಹೇಳಬೇಕೆಂದರೆ, ತಾರಸಿಯ ಮೆಟ್ಟಿಲ ಮೇಲೆ ನಿಂತಿದ್ದಾಗ ನನ್ನ ಹೊಟ್ಟೆಯಲ್ಲಿ ಉರಿದುದು ಅಸೂಯೆ. ಏಳು ಊರುಗಳನ್ನು ಬಿಟ್ಟವನು ನಾನು, ಒಬ್ಬರಾದರೂ ಕೋಪಿಸಿಕೊಂಡರೇ? ಹಾವೇರಿಯ ಬೀಳ್ಕೊಡುಗೆಯಲ್ಲಿ ನನ್ನ ನಿರ್ಗಮನವು ಕಚೇರಿಗೆ ತುಂಬಲಾರದ ನಷ್ಟವೆಂದು ಹೆಡ್ ಗುಮಾಸ್ತರು ಗದ್ಗದಿತರಾಗಿ ನುಡಿದಾಗ ನನ್ನ ಕಣ್ಣು ಒದ್ದೆಯಾದುದುಂಟು. ಆದರೆ ಅವರ ಕೈಯಲ್ಲಿದ್ದ ಭಾಷಣದ ಹಾಳೆಯಲ್ಲಿ ನನ್ನ ಹಿಂದಿನವರ ಹೆಸರನ್ನು ಹೊಡೆದುಹಾಕಿ ಮೇಲೆ ನನ್ನ ಹೆಸರನ್ನು ಬರೆದಿತ್ತು, ಮೇಲಾಗಿ ಕುರ್ಚಿಗೆ ಮರಳಿದೊಡನೆ ಅವರು ನನ್ನ ಕಿವಿಯ ಬಳಿ ಬಾಗಿ, “ಬೀರುವಿನ ಕೀಲಿಕೈ ಈಗಲೇ ಕೊಡ್ತೀರೋ, ಊಟ ಆದ ಮೇಲೋ, ಸಾರ್?” ಎಂದು ಕೇಳಿದರು. ನನ್ನ ಹೆಸರಿನ ಒಂದು ಕರವಸ್ತ್ರವನ್ನಾದರೂ ಯಾರಾದರೂ ಸುಟ್ಟಿದ್ದರೆ, ಆ ಊರನ್ನು ನಾನು ಇಂದಿಗೂ ಮರೆಯುತ್ತಿರಲಿಲ್ಲ.

ನಮ್ಮ ಬೆಂಗಳೂರಿಗೂ ಈ ದುಃಖವು ಹೊಸದೇನಲ್ಲ. ಇಲ್ಲಿಯ ಅಹಮದ್ ಖಾನನು 1948ರ ಲಂಡನ್ ಒಲಿಂಪಿಕ್ಸಿನಲ್ಲಿ ಆಡಿ ಬಂದ ಮರುವರ್ಷವೇ ಕಲ್ಕತ್ತೆಯ ಈಸ್ಟ್ ಬೆಂಗಾಲ್ ಕ್ಲಬ್ಬಿಗೆ ಹೋಗಿ, ವೆಂಕಟೇಶ್, ಅಪ್ಪಾರಾವ್, ಧನರಾಜ್, ಸಾಲೆ ಇವರೊಡನೆ ‘ಪಂಚಪಾಂಡವ’ರಲ್ಲಿ ಒಬ್ಬನೆನಿಸಿ, ಹತ್ತು ವರ್ಷ ಅಲ್ಲಿಯೇ ಮೆರೆದನು. ಸೈಕಲ್ಲು ತುಳಿದುಕೊಂಡು ಆಟ ನೋಡಲು ಹೋಗುತ್ತಿದ್ದ ನಮ್ಮ ತಂದೆಯವರು ಆ ಮಾತು ಬಂದಾಗಲೆಲ್ಲ, ಮಗಳನ್ನು ದೂರದೂರಿಗೆ ಕೊಟ್ಟವರ ಧಾಟಿಯಲ್ಲಿ, “ಕಲ್ಕತ್ತೆಯವರು ಕರಕೊಂಡು ಹೋದರು” ಎಂದಷ್ಟೇ ಹೇಳಿ ಸುಮ್ಮನಾಗುತ್ತಿದ್ದರು. ಯಾರೂ ಅಂಗಿ ಸುಡಲಿಲ್ಲ. ಅಂಗಿ ಸುಡಬೇಕಾದರೆ ಮೈಮೇಲಿರುವುದಲ್ಲದೆ ಇನ್ನೊಂದು ಅಂಗಿಯಿರಬೇಕಷ್ಟೆ.

2021ರ ಆಗಸ್ಟಿನಲ್ಲಿ ಮೆಸ್ಸಿಯು ಕಡೆಗೂ ಹೋದನು. ಈ ಸಲ ಅವನು ಇರುತ್ತೇನೆಂದರೂ ಇರಿಸಿಕೊಳ್ಳಲು ಕ್ಲಬ್ಬಿನ ಬಳಿ ಹಣವಿರಲಿಲ್ಲ, ಲೀಗಿನ ನಿಯಮವೂ ಬಿಡಲಿಲ್ಲ. 8ರಂದು ಅವನು ವೇದಿಕೆಯ ಮೇಲೆ ನಿಂತು ಬಿಕ್ಕಿದನು. ಹೆಂಡತಿ ಕೊಟ್ಟ ಕಾಗದದಿಂದ ಮೂಗೊರೆಸಿಕೊಂಡನು. ಬಾಯೊರೆಸುವ ಕಾಗದದಲ್ಲಿ ಆರಂಭವಾದ ವ್ಯವಹಾರವು ಮೂಗೊರೆಸುವ ಕಾಗದದಲ್ಲಿ ಮುಕ್ತಾಯವಾಯಿತು. ನಮ್ಮ ಮನೆಯಲ್ಲಿ ಆ ದಿನ ಅಳಿಯನು ಅತ್ತನು. ಅವನು ಅಳುವುದನ್ನು ನೋಡಿ ಅಕ್ಕನೂ ಅತ್ತಳು. “ಪಾಪ, ಆ ಹುಡುಗನಿಗೂ ಮನೆ ಬಿಟ್ಟು ಹೋಗಲು ಇಷ್ಟವಿರಲಿಲ್ಲವಂತೆ” ಎಂದು ನೆರೆಮನೆಯಾಕೆಗೂ ತಿಳಿಸಿಬಂದಳು.

2022ರ ಡಿಸೆಂಬರ್ 18ರ ಸಂಜೆ, ಅರ್ಜೆಂಟೀನವು ವಿಶ್ವಕಪ್ಪಿನ ಅಂತಿಮ ಪಂದ್ಯಕ್ಕಿಳಿಯುವ ಅರ್ಧ ಗಂಟೆ ಮೊದಲು, ಸ್ಕೂಟರಿನ ಸೀಟು ತೆರೆದುಕೊಂಡಿತು. ದೇಶದ ತಂಡಕ್ಕೂ ಆ ಕ್ಲಬ್ಬಿನ ಅಂಗಿಗೂ ಏನು ಸಂಬಂಧವೆಂದು ಕೇಳುವ ಧೈರ್ಯ ನನಗಾಗಲಿಲ್ಲ. ಸ್ಪ್ಯಾನರು ಒತ್ತಿದ ಗುರುತಿನ ಸಮೇತ ಅದನ್ನು ತೊಟ್ಟು ಅವನು ಟೀವಿಯ ಮುಂದೆ ಕುಳಿತನು, ಪೆನಾಲ್ಟಿಗಳು ಮುಗಿಯುವವರೆಗೂ ಏಳಲಿಲ್ಲ. ಅಂಗಿಯು ಈಗ ಮತ್ತೆ ಬೀರುವಿನಲ್ಲಿದೆ. ಎಡತೋಳಿನ ಮೇಲಿನ ಎಣ್ಣೆಯ ಕಲೆ ಮಾತ್ರ ಹೋಗಿಲ್ಲ; ಅಕ್ಕನು ಎರಡು ಬಾರಿ ಸೀಗೆಪುಡಿ ಹಾಕಿ ಉಜ್ಜಿ ನೋಡಿದಳು.