ಬೇಕಾಗಿದೆ: ಹರೆಯಕ್ಕೊಂದು ಮಾಸಪತ್ರಿಕೆ

ಹಾವೇರಿ, ಬ್ಯಾಡಗಿ, ರಾಣೇಬೆನ್ನೂರು ಎಂಬ ಮೂರು ಊರುಗಳು ಹುಬ್ಬಳ್ಳಿಯಿಂದ ಬೆಂಗಳೂರಿಗೆ ಹೋಗುವ ರೈಲುದಾರಿಯ ಮೇಲೆ ಇದೇ ಅನುಕ್ರಮದಲ್ಲಿ ಬರುತ್ತವೆ. ಮೂರರಲ್ಲಿಯೂ ತಹಶೀಲ್ದಾರ ಕಚೇರಿ, ಕೃಷಿ ಮಾರುಕಟ್ಟೆ, ಕಾಲೇಜು, ಬಸ್ ನಿಲ್ದಾಣಗಳಿದ್ದು, ನಿಲ್ದಾಣವಿದ್ದಲ್ಲಿ ಪೇಪರಿನ ಅಂಗಡಿಯೂ ಇರುತ್ತದೆಂಬ ಭರವಸೆಯಿಂದ ಮಗನಿಗೋ ಮಗಳಿಗೋ ‘ಒಂದು ಛಲೋ ಪುಸ್ತಕ’ ತರಲು ಹೊರಟ ಪಾಲಕರು ಅಲ್ಲಿ ಎದುರಿಸುವ ತೊಡಕು ಕೂಡ ಮೂರೂ ಊರುಗಳಲ್ಲಿ ಒಂದೇ ತೆರನಾಗಿದೆ. ಪುಸ್ತಕವೆಂದರೆ ಈ ಭಾಗದ ಆಡುಮಾತಿನಲ್ಲಿ ವಾರಪತ್ರಿಕೆ, ಮಾಸಪತ್ರಿಕೆ, ಕಾದಂಬರಿ, ಪಂಚಾಂಗ ಎಲ್ಲವೂ ಹೌದು. ಛಲೋ ಎಂದರೆ ಏನು ಎಂಬುದರ ಮೇಲೆ ಮಾತ್ರ ಕೊಳ್ಳುವವರಿಗೂ ಓದುವವರಿಗೂ ಇಂದಿನವರೆಗೆ ಒಮ್ಮತ ಏರ್ಪಟ್ಟಿಲ್ಲ.

ಅಂಗಡಿಯ ರಚನೆಯನ್ನು ನೋಡಿದರೆ ತೊಡಕಿನ ಬೇರು ಕಾಣುತ್ತದೆ. ಮುಂದಕ್ಕೆ ಕಟ್ಟಿದ ಹಗ್ಗಕ್ಕೆ ಬಟ್ಟೆ ಒಣಹಾಕುವ ಕ್ಲಿಪ್ಪುಗಳಿಂದ ಸಿಕ್ಕಿಸಿದ ವಾರಪತ್ರಿಕೆಗಳು ಬಸ್ಸು ಬಂದಾಗಲೆಲ್ಲ ಧೂಳು ಕುಡಿಯುತ್ತ ತೂಗಾಡುತ್ತವೆ. ಹಲಗೆಯ ಒಂದು ಬದಿಗೆ ಮೊಲ-ಆಮೆಯ ಕತೆಗಳೂ ಬಣ್ಣ ತುಂಬುವ ಚಿತ್ರಗಳೂ ಇರುವ ಚಿಕ್ಕಮಕ್ಕಳ ಪುಸ್ತಿಕೆಗಳು, ಇನ್ನೊಂದು ಬದಿಗೆ ರಬ್ಬರ್ ಬ್ಯಾಂಡು ಹಾಕಿ ಪೇರಿಸಿಟ್ಟ ಸ್ಪರ್ಧಾತ್ಮಕ ಮಾಸಿಕಗಳು, ಅಂದರೆ ಪೊಲೀಸ್ ಕಾನ್‌ಸ್ಟೆಬಲ್, ಪಿಡಿಒ, ಎಫ್‌ಡಿಎ ಮೊದಲಾದ ಸರಕಾರಿ ಹುದ್ದೆಗಳ ಪರೀಕ್ಷೆಗಾಗಿ ಜಗತ್ತಿನ ಸಮಸ್ತ ಆಗುಹೋಗುಗಳನ್ನು ನಾಲ್ಕು ಆಯ್ಕೆಗಳಲ್ಲಿ ಅಡಗಿಸಿ ಕೊಡುವ ಪತ್ರಿಕೆಗಳು. ಹನ್ನೆರಡರ ತನಕ ಮೊಲ, ಹದಿನೆಂಟರ ಮೇಲೆ ಪಿಡಿಒ. ನಡುವಣ ವಯಸ್ಸಿನವರು ಕೂಡ ಈ ಜಿಲ್ಲೆಯಲ್ಲಿ ವಾಸವಾಗಿದ್ದಾರೆ ಎಂಬುದಕ್ಕೆ ಆ ಹಲಗೆಯ ಮೇಲೆ ಯಾವ ಪುರಾವೆಯೂ ಸಿಗುವುದಿಲ್ಲ. “ಅಣ್ಣಾರ, ಎಂಟನೇ ಇಯತ್ತೆ ಹುಡುಗ ಓದೂವಂಥಾದ್ದು ಏನರ ಐತೇನ್ರಿ?” ಎಂದು ಕೇಳಿದ ಪಾಲಕರಿಗೆ ಅಂಗಡಿಯವನು ಕೊಡುವ ಉತ್ತರ “ಯಾವ ಪರೀಕ್ಷೆಗ್ರಿ?” ಎಂಬ ಮರುಪ್ರಶ್ನೆಯೇ ಆಗಿರುತ್ತದೆ.

ಈ ಮರುಪ್ರಶ್ನೆಗೆ ಅಂಗಡಿಯವನನ್ನು ದೂರುವುದು ನ್ಯಾಯವಲ್ಲ. ಬ್ಯಾಡಗಿ ತಾಲೂಕಿನ ಮೋಟೆಬೆನ್ನೂರಿನಲ್ಲಿ 1911ರಲ್ಲಿ ಹುಟ್ಟಿದ ಮೈಲಾರ ಮಹಾದೇವಪ್ಪ ಎಂಬ ಹುಡುಗ ಹದಿನೆಂಟರ ಹರೆಯದಲ್ಲಿ ಗಾಂಧೀಜಿಯವರ ಜೊತೆ ದಾಂಡಿಗೆ ನಡೆದು ಹೋದದ್ದು, ಮುಂದೆ 1943ರ ಏಪ್ರಿಲ್ 1ರಂದು ಹೊಸರಿತ್ತಿಯಲ್ಲಿ ಗುಂಡಿಗೆ ಬಲಿಯಾದದ್ದು ಯಾವ ಸಾಹಸಕಥೆಗೂ ಕಡಿಮೆಯಿಲ್ಲದ ವೃತ್ತಾಂತವಾಗಿದ್ದು, ಅದನ್ನು ಹದಿನೆಂಟರವರೇ ಓದುವಂತೆ ಹೇಳಬಲ್ಲ ಪತ್ರಿಕೆಯೊಂದು ಇದ್ದಿದ್ದರೆ ಅದು ಹಲಗೆಯ ನಡುವೆಯೇ ಕೂಡುತ್ತಿತ್ತು. ಆದರೆ ಸದ್ಯ ಆ ಇಡೀ ಬದುಕು ಒಂದು ಅಂಕದ ಪ್ರಶ್ನೆಯಾಗಿ ಪರಿಣಮಿಸಿದೆ. ಮೂರು ತಪ್ಪು ಹೆಸರುಗಳ ನಡುವೆ ನಿಂತ ಮಹಾದೇವಪ್ಪನನ್ನು ಗುರುತಿಸಿ ಟಿಕ್ ಹಾಕಿದರೆ ಸಾಕು, ಆತ ಯಾಕೆ ನಡೆದ ಎಂದು ಯಾರೂ ಕೇಳುವುದಿಲ್ಲ.

ಸದಭಿರುಚಿಯ ಪತ್ರಿಕೆ ಎಂಬುದಕ್ಕೆ ಪಾಲಕರು ಬಳಸುವ ಲಕ್ಷಣವು ಬಹುಮಟ್ಟಿಗೆ ನಿಷೇಧರೂಪದ್ದು: ಅದರಲ್ಲಿ ಸಿನಿಮಾ ಇರಬಾರದು, ಪ್ರೇಮ ಇರಬಾರದು, ಕೊಲೆ ಇರಬಾರದು, ದೆವ್ವ ಇರಬಾರದು, ರಾಜಕಾರಣವಂತೂ ಕೂಡದು. ಈ ಒರೆಗೆ ಹಚ್ಚಿದರೆ ಮಹಾಭಾರತದ ಒಂದು ಪರ್ವವೂ ಮನೆಯೊಳಗೆ ಬರಲಾರದು ಎಂಬ ಆಕ್ಷೇಪಕ್ಕೆ ಅವರಲ್ಲಿ ಉತ್ತರ ಸಿದ್ಧವಿದೆ, ಮಹಾಭಾರತ ಹಳೆಯದು. ಹಳೆಯದಕ್ಕೆ ದೊರೆಯುವ ಈ ರಿಯಾಯಿತಿಯಿಂದ ಅತ್ಯಧಿಕ ಲಾಭ ಪಡೆದದ್ದು ಬಿ. ನಾಗಿರೆಡ್ಡಿ ಮತ್ತು ಚಕ್ರಪಾಣಿಯವರು 1947ರಲ್ಲಿ ಮದರಾಸಿನಲ್ಲಿ ಆರಂಭಿಸಿ, ಮುಂದೆ ಕನ್ನಡಕ್ಕೂ ತಂದ ಚಂದಮಾಮ. ನಟ್ಟಿರುಳಿನಲ್ಲಿ, ಸ್ಮಶಾನದಲ್ಲಿ, ಮರದಿಂದ ಇಳಿಸಿದ ಹೆಣವನ್ನು ರಾಜನೊಬ್ಬ ಹೆಗಲ ಮೇಲೆ ಹೊತ್ತು ನಡೆಯುವ, ಆ ಹೆಣದೊಳಗಿನ ಬೇತಾಳನು ಉತ್ತರ ಗೊತ್ತಿದ್ದೂ ಹೇಳದಿದ್ದರೆ ತಲೆ ಸಿಡಿದೀತೆಂದು ಬೆದರಿಸುವ ಕತೆಯನ್ನು ತಿಂಗಳು ತಿಂಗಳೂ ಅಚ್ಚುಹಾಕಿದ ಈ ಪತ್ರಿಕೆಯನ್ನು ಅತ್ಯಂತ ಮಡಿವಂತ ಮನೆತನಗಳು ಕೂಡ ದೇವರ ಮಾಡದ ಪಕ್ಕದಲ್ಲಿಟ್ಟು ಓದಿದವು. ಬೇತಾಳನ ಸ್ಥಾನದಲ್ಲಿ ಹಾವೇರಿಯ ಒಬ್ಬ ಕಾಲೇಜು ಹುಡುಗಿ ನಿಂತು ಅದೇ ಪ್ರಶ್ನೆಗಳನ್ನು ಕೇಳಿದ್ದರೆ ಪತ್ರಿಕೆ ಮರುದಿನವೇ ನಿಲ್ಲುತ್ತಿತ್ತು.

ಬಾಲಮಂಗಳದ ‘ಡಿಂಗ’ನಿಗೂ ಯಾರೂ ಅಡ್ಡಿಪಡಿಸಲಿಲ್ಲ. ಕಾಡಿನ ದುರ್ಬಲರಿಗೆಲ್ಲ ಒದಗಿ ಬರುವ ಮಹಾಬಲಶಾಲಿ ಇಲಿಯೊಂದು ಮಕ್ಕಳ ನಡತೆಯನ್ನು ಕೆಡಿಸೀತು ಎಂದು ಯಾವ ಪಾಲಕರಿಗೂ ಹೊಳೆದಿರಲಾರದು. ಮುಂದೆ ಕೇರಳದ ಕೆಲವು ತರುಣರು ಇದೇ ಇಲಿಯನ್ನು ದೇವರೆಂದು ಸಾರಿ ವಿಡಂಬನೆಯ ಮತವೊಂದನ್ನು ಸ್ಥಾಪಿಸಿದ ಸುದ್ದಿ ಆಗಲೇ ತಿಳಿದಿದ್ದರೆ ಅವರ ನಿಲುವು ಬೇರೆಯಾಗುತ್ತಿತ್ತೋ ಏನೋ. 1965ರಲ್ಲಿ ಆರಂಭವಾದ ‘ಸುಧಾ’ ವಾರಪತ್ರಿಕೆಯು ಮನೆಮಂದಿಗೆಲ್ಲ ಸೇರಿದ್ದೆಂಬ ಕಾರಣಕ್ಕೆ ಹೊಸಿಲು ದಾಟಿ ಬರುತ್ತಿತ್ತಾದರೂ, ಅದರೊಳಗಿನ ಫ್ಯಾಂಟಮ್ ಚಿತ್ರಕಥೆಯನ್ನು ಹರೆಯದವರು ಮೊದಲು ಓದಿ ಮುಗಿಸುತ್ತಿದ್ದರು, ಧಾರಾವಾಹಿ ಕಾದಂಬರಿಯನ್ನು ಪಠ್ಯಪುಸ್ತಕದ ಮರೆಯಲ್ಲಿ ಓದುತ್ತಿದ್ದರು, ಸಂಪಾದಕೀಯವನ್ನು ಅಪ್ಪನಿಗಾಗಿ ಔದಾರ್ಯದಿಂದ ಬಿಟ್ಟುಕೊಡುತ್ತಿದ್ದರು. ಐನೂರಕ್ಕೂ ಮಿಕ್ಕಿ ಪತ್ತೇದಾರಿ ಕಾದಂಬರಿಗಳನ್ನು ಬರೆದ ಎನ್. ನರಸಿಂಹಯ್ಯನವರು ಎಂದೂ ಪಾಲಕರ ಶಿಫಾರಸಿನ ಪಟ್ಟಿಗೆ ಸೇರಲಿಲ್ಲ. ಆದರೆ ಅವರ ಪತ್ತೇದಾರ ಪುರುಷೋತ್ತಮನಿಂದಾಗಿ ಕನ್ನಡವನ್ನು ಸರಾಗವಾಗಿ ಓದುವ ರೂಢಿ ಮಾಡಿಕೊಂಡವರು ಶಾಲೆಯ ಪಾಠದಿಂದ ರೂಢಿ ಮಾಡಿಕೊಂಡವರಿಗಿಂತ ಕಡಿಮೆಯಿರಲಾರರು.

ಬಾಲವಿಜ್ಞಾನದ ಪ್ರಸಂಗ ಸ್ವಲ್ಪ ಭಿನ್ನ. ಕರ್ನಾಟಕ ರಾಜ್ಯ ವಿಜ್ಞಾನ ಪರಿಷತ್ತಿನ ಈ ಮಾಸಪತ್ರಿಕೆಯು 1978ರಲ್ಲಿ ಆರಂಭವಾಗಿ, ಹೈಸ್ಕೂಲಿನ ಹುಡುಗರು ಇನ್ನೂ ಮಕ್ಕಳೂ ಅಲ್ಲ, ಪೂರ್ತಿ ದೊಡ್ಡವರೂ ಅಲ್ಲ ಎಂಬುದನ್ನು ಗುರುತಿಸಿ ಅವರೊಡನೆ ಸಮಾನರೊಡನೆ ಮಾತಾಡುವಂತೆ ಮಾತಾಡಿದ ವಿರಳ ಪ್ರಕಟಣೆಯಾಗಿದೆ. ಗ್ರಹಣಕ್ಕೆ ದರ್ಭೆ ಹಾಕುವ ಮನೆಯ ಹುಡುಗನಿಗೆ ಗ್ರಹಣದ ಲೆಕ್ಕವನ್ನು ಕೊಡುವುದು ಎಷ್ಟು ಮನರಂಜಕವೆಂಬುದನ್ನು ಆ ಮನೆಯ ಅಜ್ಜಿಯಷ್ಟು ಚೆನ್ನಾಗಿ ಬೇರಾರೂ ಹೇಳಲಾರರು. ಅದೇ ಕಾಲದ ಅಂಗಡಿಗಳಲ್ಲಿ ಹೆಸರಿನ ಉತ್ತರಾರ್ಧದಲ್ಲಿ ‘ವಿಜ್ಞಾನ’ವೆಂದೇ ಇದ್ದ, ಪೂರ್ವಾರ್ಧವನ್ನು ಇಲ್ಲಿ ಹೇಳಲಾಗದ ಇನ್ನೊಂದು ಮಾಸಪತ್ರಿಕೆ ಕೂಡ ಹಗ್ಗದ ತುದಿಗೆ ಮಡಚಿ ತೂಗುತ್ತಿತ್ತು. ಹರೆಯದವರು ವಿಜ್ಞಾನ ಓದುತ್ತಿದ್ದೇವೆಂದು ಮನೆಯಲ್ಲಿ ಹೇಳಿದ ಮಾತು ಎರಡು ಸಂದರ್ಭಗಳಲ್ಲಿಯೂ ಸುಳ್ಳಾಗಿರಲಿಲ್ಲ.

ಪಾಲಕರ ಮನಸ್ಸಿನಲ್ಲಿರುವ ಆದರ್ಶ ಪತ್ರಿಕೆ ಯಾವುದೆಂಬುದನ್ನು ತಿಳಿಯಲು ಬ್ಯಾಡಗಿಯ ಮೆಣಸಿನಕಾಯಿ ಮಾರುಕಟ್ಟೆಗೆ ಹೋಗಬೇಕು. 2011ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆ ಪಡೆದ ಬ್ಯಾಡಗಿ ಕಾಯಿಯಲ್ಲಿ ಗಿಡ್ಡಗೆ ದಪ್ಪಗಿರುವುದಕ್ಕೆ ಡಬ್ಬಿ ಎಂದೂ ಉದ್ದಕ್ಕೆ ತೆಳ್ಳಗಿರುವುದಕ್ಕೆ ಕಡ್ಡಿ ಎಂದೂ ಹೆಸರಿದ್ದು, ಸುಕ್ಕುಸುಕ್ಕಾದ ಸಿಪ್ಪೆ, ಕಣ್ಣು ಕೋರೈಸುವ ಕೆಂಪು ಮತ್ತು ಆ ಕೆಂಪಿಗೆ ಹೋಲಿಸಿದರೆ ತೀರ ಕಡಿಮೆಯಾದ ಖಾರ ಅದರ ಲಕ್ಷಣಗಳು. ಪತ್ರಿಕೆಯೂ ಹೀಗೆಯೇ ಇರಬೇಕು, ಹುಡುಗರು ಕೈಗೆತ್ತಿಕೊಳ್ಳುವಷ್ಟು ಬಣ್ಣವಿರಬೇಕು, ಓದಿದ ಮೇಲೆ ನಾಲಿಗೆ ಚುರುಕಾಗಿ ಎದುರುತ್ತರ ಕೊಡುವಷ್ಟು ಖಾರವಿರಬಾರದು ಎಂಬುದು ಪಾಲಕರ ಅಪೇಕ್ಷೆ; ಹುಡುಗರ ಒಲವು ಎಂದಿನಂತೆ ಗುಂಟೂರಿನ ಕಡೆಗೆ. ಬ್ಯಾಡಗಿ ಕಾಯಿಯಿಂದ ಓಲಿಯೊರೆಸಿನ್, ಅಂದರೆ ಬಣ್ಣ ಮತ್ತು ಸತ್ವ ಕೂಡಿದ ಎಣ್ಣೆಯಂಥ ದ್ರವ್ಯವನ್ನು ತೆಗೆಯುತ್ತಾರೆ; ಅದು ತಿನಿಸುಗಳಿಗೆ ಹೋಗುವಂತೆ ತುಟಿಗೆ ಹಚ್ಚುವ ಲಿಪ್‌ಸ್ಟಿಕ್ಕಿಗೂ ಹೋಗುತ್ತದೆ. ಮೆಣಸಿನಕಾಯಿ ಚೀಲಗಳನ್ನು ಹರಾಜಿಗೆ ಇಳಿಸಿ ಮನೆಗೆ ಬಂದ ತಂದೆ ಲಿಪ್‌ಸ್ಟಿಕ್ಕಿನ ಜಾಹೀರಾತು ಇದೆಯೆಂಬ ಕಾರಣಕ್ಕೆ ಮಗಳ ಕೈಯ ಪತ್ರಿಕೆಯನ್ನು ಕಸಿದುಕೊಳ್ಳುವಾಗ ಈ ಸಂಗತಿಯನ್ನು ಯಾರೂ ಪ್ರಸ್ತಾಪಿಸುವುದಿಲ್ಲ.

ಇಷ್ಟಾದರೂ ಈ ಒಗಟನ್ನು ಬಿಡಿಸಿದ ಒಬ್ಬರು ಹಾವೇರಿಯ ಆಸುಪಾಸಿನಲ್ಲಿಯೇ ಆಗಿಹೋಗಿದ್ದಾರೆ. ವರದೆಯು ತುಂಗಭದ್ರೆಯನ್ನು ಕೂಡುವಲ್ಲಿರುವ ಗಳಗನಾಥದಲ್ಲಿ 1869ರಲ್ಲಿ ಹುಟ್ಟಿ, ಆ ಊರಿನ ಹೆಸರಿನಿಂದಲೇ ಪ್ರಸಿದ್ಧರಾದ ವೆಂಕಟೇಶ ತಿರಕೋ ಕುಲಕರ್ಣಿಯವರು ಶಾಲೆಯ ಶಿಕ್ಷಕರಾಗಿದ್ದುದರಿಂದ ಎಳೆಯರಿಗೆ ಯಾವುದು ಬೇಸರ ತರಿಸುತ್ತದೆ ಎಂಬುದನ್ನು ದಿನನಿತ್ಯ ಕಣ್ಣಾರೆ ಕಂಡವರಾಗಿದ್ದರು. ಹಾವೇರಿ ತಾಲೂಕಿನ ಅಗಡಿಯ ಆನಂದವನದಿಂದ, ಅಂದರೆ ಶೇಷಾಚಲ ಸದ್ಗುರುಗಳ ಆಶ್ರಮದಿಂದ, 20ನೆಯ ಶತಮಾನದ ಆರಂಭದಲ್ಲಿ ಹೊರಡತೊಡಗಿದ ‘ಸದ್ಬೋಧ ಚಂದ್ರಿಕೆ’ ಎಂಬ ಮಾಸಪತ್ರಿಕೆಯ ಸಂಪಾದನೆಯನ್ನು ಅವರು ವಹಿಸಿಕೊಂಡರು. ಹೆಸರಿನಲ್ಲಿ ಸದ್ಬೋಧ, ವಿಳಾಸದಲ್ಲಿ ಆಶ್ರಮ. ಇದಕ್ಕಿಂತ ನಿರಪಾಯಕಾರಿಯಾದ ಪತ್ರಿಕೆಯನ್ನು ಯಾವ ಪಾಲಕರೂ ಕಲ್ಪಿಸಿಕೊಳ್ಳಲಾರರು. ಆದರೆ ಹೊದಿಕೆಯನ್ನು ತೆರೆದರೆ ಒಳಗೆ ಕಾದಂಬರಿ ತಿಂಗಳಿಂದ ತಿಂಗಳಿಗೆ ಸಾಗುತ್ತಿತ್ತು. ಒಳಸಂಚು, ಯುದ್ಧ, ಅಪಹರಣ, ವಿರಹ ಯಾವುದಕ್ಕೂ ಕೊರತೆ ಮಾಡದ ಗಳಗನಾಥರು ಮರಾಠಿಯ ಹರಿ ನಾರಾಯಣ ಆಪಟೆಯವರಿಂದ ಧಾರಾಳವಾಗಿ ಎರವಲು ಪಡೆದರು, ವಿಜಯನಗರದ ಪತನವನ್ನು ‘ಕನ್ನಡಿಗರ ಕರ್ಮಕಥೆ’ಯಾಗಿ, ಅದರ ಸ್ಥಾಪನೆಯನ್ನು ‘ಮಾಧವ ಕರುಣಾವಿಲಾಸ’ವಾಗಿ ಬರೆದರು. ಬೋಧನೆ ಎಲ್ಲಿ ಮುಗಿದು ಮನರಂಜನೆ ಎಲ್ಲಿ ಆರಂಭವಾಗುತ್ತದೆಂದು ಹಿರಿಯರಿಗೆ ಪತ್ತೆ ಹತ್ತದಂತೆ ಎರಡನ್ನೂ ಕೂಡಿಸಿದ ಈ ಕೌಶಲ ಮುಂದಿನ ಸಂಪಾದಕರಲ್ಲಿ ಕೆಲವರಿಗೆ ಮಾತ್ರ ಒಲಿಯಿತು.

ವಿತರಣೆಯ ವಿಷಯದಲ್ಲಂತೂ ಗಳಗನಾಥರಿಗೆ ಸಾಟಿಯಿಲ್ಲ. ಅವರು ತಮ್ಮ ಪುಸ್ತಕಗಳ ಗಂಟನ್ನು ತಾವೇ ಹೊತ್ತು ಊರಿಂದೂರಿಗೆ ನಡೆದು ಮಾರಿದರು. ಓದುವ ಹರೆಯದವರು ಅಂಗಡಿಗೆ ಬರಲಿ ಎಂದು ಕಾಯದೆ, ಪುಸ್ತಕವೇ ಓದುಗರ ಕಟ್ಟೆಗೆ ಬಂದು ಕೂಡುವಂತೆ ಮಾಡಿದರು. ಹಾವೇರಿಯಲ್ಲಿ 2023ರ ಜನವರಿಯಲ್ಲಿ ನಡೆದ 86ನೆಯ ಸಾಹಿತ್ಯ ಸಮ್ಮೇಳನದ ಮಳಿಗೆಗಳನ್ನು ಕಂಡವರು ಈ ನಾಡಿನಲ್ಲಿ ಪುಸ್ತಕಕ್ಕೆ ಬರವಿಲ್ಲವೆಂದು ಸಂತೋಷಪಟ್ಟಿರಬಹುದು. ಸಮ್ಮೇಳನ ಮುಗಿದ ನಾಲ್ಕನೆಯ ದಿನ ಎಂಟನೇ ಇಯತ್ತೆಯ ಹುಡುಗನ ಬಳಿಗೆ ಗಂಟು ಹೊತ್ತು ಬರುವವರು ಯಾರೂ ಇಲ್ಲದಿರುವುದರಿಂದ ಆ ಸಂತೋಷ ಹೆಚ್ಚು ಬಾಳುವಂಥದ್ದಲ್ಲ.

ಹುಬ್ಬಳ್ಳಿಯ ‘ಕಸ್ತೂರಿ’ಯನ್ನು ಇಲ್ಲಿ ನೆನೆಯದಿದ್ದರೆ ತಪ್ಪಾದೀತು. ‘ಡೈಜೆಸ್ಟ್’, ಅಂದರೆ ನಾನಾ ಕಡೆಯ ಓದನ್ನು ಸಂಗ್ರಹಿಸಿ ಕೊಡುವ ಕಿರುಗಾತ್ರದ ಮಾಸಿಕವಾಗಿ 1956ರಲ್ಲಿ ಹುಟ್ಟಿದ ಇದನ್ನು ಪಾ. ವೆಂ. ಆಚಾರ್ಯರು ದಶಕಕ್ಕೂ ಮಿಕ್ಕಿ ಸಂಪಾದಿಸಿದರು. ಹರೆಯದವರಿಗಾಗಿ ಎಂದು ಅದು ಎಲ್ಲಿಯೂ ಹೇಳಿಕೊಳ್ಳದ ಕಾರಣದಿಂದಲೇ ಹರೆಯದವರು ಅದನ್ನು ಓದಿದರು. ಕೊನೆಗೆ ಬರುವ ಪುಸ್ತಕ ವಿಭಾಗದಲ್ಲಿ ಇಡೀ ಗ್ರಂಥವೊಂದರ ಸಾರ ಸಿಗುತ್ತಿದ್ದುದರಿಂದ ಬ್ಯಾಡಗಿಯಲ್ಲಿ ಕುಳಿತೇ ಉತ್ತರಧ್ರುವಕ್ಕೂ ಹೋಗಬಹುದಾಗಿತ್ತು. ಅಂಗಿಯ ಒಳಗೆ ಸೇರಿಸಿ ತರಗತಿಗೆ ಒಯ್ಯಲು ಅದರ ಗಾತ್ರವೂ ಅನುಕೂಲವಾಗಿತ್ತು.

ಈಚೆಗೆ, 2020ರಲ್ಲಿ ಆರಂಭವಾದ ‘ಓದುವ ಬೆಳಕು’ ಕಾರ್ಯಕ್ರಮದಡಿ 6ರಿಂದ 18 ವರ್ಷದವರಿಗೆ ಗ್ರಾಮ ಪಂಚಾಯಿತಿಯ ಗ್ರಂಥಾಲಯಗಳಲ್ಲಿ ಉಚಿತ ಸದಸ್ಯತ್ವ ದೊರೆಯುತ್ತಿರುವುದು ಒಳ್ಳೆಯ ಬೆಳವಣಿಗೆ. ಪತ್ರಿಕೆಗಳು ಅಲ್ಲಿಗೆ ಬರುತ್ತವೆ, ಹುಡುಗರೂ ಬರುತ್ತಾರೆ, ಎಲ್ಲಕ್ಕೂ ಮೊದಲು ನಿವೃತ್ತರು ಬಂದಿರುತ್ತಾರೆ. ಬೆಳಗಿನ ಬಿಸಿಲು ಬೀಳುವ ಬಾಗಿಲ ಪಕ್ಕದ ಕುರ್ಚಿಯಲ್ಲಿ ಕೂತ ಹಿರಿಯರೊಬ್ಬರು ವಾರಪತ್ರಿಕೆಯನ್ನು ಮುಖಪುಟದಿಂದ ಬೆನ್ನುಪುಟದವರೆಗೆ, ಜಾಹೀರಾತು ಸಹಿತ, ಅಂಗೈಯಿಂದ ಪುಟ ಸವರುತ್ತ ಓದುವಾಗ “ಅಜ್ಜಾ, ಆತೇನ್ರಿ?” ಎಂದು ಕೇಳಿದ ಹುಡುಗಿಗೆ “ತಡಿಯವಾ, ಮಕ್ಕಳ ಪುಟ ಬಾಕಿ ಐತಿ” ಎಂಬ ಉತ್ತರ ಬರುತ್ತದೆ. ಅಂತೂ ಪತ್ರಿಕೆ ಕೈಗೆ ಬಂದಾಗ ಆ ಪುಟದ ಪದಬಂಧ ಪೂರ್ತಿ ತುಂಬಿರುತ್ತದೆ, ಅದೂ ಬಾಲ್‌ಪೆನ್ನಿನಲ್ಲಿ, ಅಡ್ಡ ಸಾಲುಗಳಲ್ಲಿ ಮೂರು ತಪ್ಪುಗಳೊಡನೆ. ಸದಸ್ಯತ್ವದ ನಿಯಮಗಳಲ್ಲಿ ಇದರ ಬಗ್ಗೆ ಯಾವ ಕಲಮೂ ಇಲ್ಲ.